ಹಸಿರು ಪರದೆಯ ಬಹುರೂಪಿ

ರಾತ್ರಿ ಹನ್ನೊಂದೂವರೆ. ಊಟದ ಮೇಜಿನ ಮೇಲಿದ್ದ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅಕ್ಕನ ಮಗ ಟಕಟಕ ಏನೋ ಕುಟ್ಟಿದ. ಪರದೆ ಕಪ್ಪಾಯಿತು. ಮರುಕ್ಷಣ ಆ ಕಪ್ಪಿನ ಮೇಲೆ ಹಸಿರು ಅಕ್ಷರಗಳು ಎದ್ದು ನಿಂತವು. ಒಂದೊಂದಾಗಿ ಬರಲಿಲ್ಲ, ಸಾಲುಸಾಲಾಗಿಯೂ ಬರಲಿಲ್ಲ. ಇಡೀ ಪುಟ ಒಂದೇ ಏಟಿಗೆ!

"ಕೆಡಿಸಿಬಿಟ್ಟೆಯಲ್ಲೋ" ಅಂದೆ.

"ಕೆಟ್ಟಿಲ್ಲ ಮಾವ. ನಿಮ್ಮ ಲ್ಯಾಪ್‌ಟಾಪ್ ಈಗ ಐಬಿಎಂ 3278."

ಬೆಂಗಳೂರಿನಲ್ಲಿ ಇವನಂಥವರು ಬಹಳ ಮಂದಿ ಇದ್ದಾರೆ. ಸಂಜೆ ಕ್ಯಾಬ್ ಹತ್ತಿ ಹೋಗಿ, ಅಮೆರಿಕದ ಯಾವುದೋ ಬ್ಯಾಂಕಿನ ಬ್ಯಾಚ್ ಕೆಲಸ ಅಬೆಂಡ್ ಆಗದೆ, ಅಂದರೆ ನಡುವೆ ಕುಸಿದು ಬೀಳದೆ, ಮುಗಿಯಲಪ್ಪಾ ಅಂತ ಕಾಯುವವರು. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದೇನೋ ಸಿಕ್ಕಿ ಪ್ರೋಗ್ರಾಮ್ ಮುಗ್ಗರಿಸಿದರೆ ಅದಕ್ಕೆ ಅವರು 'ಸಾಕ್ ಸೆವೆನ್' ಅನ್ನುತ್ತಾರೆ. ಫೋನಿನಲ್ಲಿ ಆ ಎರಡು ಪದ ಕೇಳಿದರೆ ನಮ್ಮ ಹುಡುಗ ತಟ್ಟೆ ಬಿಟ್ಟು ಏಳುತ್ತಾನೆ. ಕೆಲಸಕ್ಕೆ ಸೇರಿದಾಗ ಜಾವಾ ಸಿಗಲಿಲ್ಲ, ಮೇನ್‌ಫ್ರೇಮ್ ಪ್ರಾಜೆಕ್ಟಿಗೆ ಹಾಕಿದರು ಅಂತ ಒಂದು ವಾರ ಮುಖ ಊದಿಸಿಕೊಂಡಿದ್ದವನು ಇವನೇ. ಈಗ ನೋಡಿದರೆ ರಜೆಯ ದಿನವೂ ಅದೇ ಹಸಿರು ಪರದೆ!

ಆಫೀಸಿನ ಪರದೆಯನ್ನು ಮನೆಯವರಿಗೆ ತೋರಿಸುವ ಹಾಗಿಲ್ಲ. ಹಾಗಾಗಿ ಅವನು ನನ್ನ ಲ್ಯಾಪ್‌ಟಾಪಿಗೆ ಎರಡು ಪ್ರೋಗ್ರಾಮ್ ಇಳಿಸಿದ್ದ. ಒಂದು ಹರ್ಕ್ಯುಲೀಸ್. ರೋಜರ್ ಬೌಲರ್ ಎಂಬವರು ಶುರು ಮಾಡಿ 1999ರಲ್ಲಿ ಹೊರಬಿಟ್ಟದ್ದು. ಐಬಿಎಂನ ದೈತ್ಯ ಮೇನ್‌ಫ್ರೇಮ್ ತಾನೇ ಎಂದು ನಟಿಸುತ್ತದೆ. ಅದರ ಹೊಟ್ಟೆಯೊಳಗೆ ಎಂವಿಎಸ್ 3.8 ಎಂಬ, 1981ರ ಹೊತ್ತಿನ ಅಸಲಿ ಕಾರ್ಯಾಚರಣ ವ್ಯವಸ್ಥೆ ಓಡುತ್ತಿತ್ತು. ಇನ್ನೊಂದು ಎಕ್ಸ್3270. ಅದು ಆ ದೈತ್ಯನ ಮುಂದೆ ಕೂರುವ ಟರ್ಮಿನಲ್ ತಾನೇ ಎಂದು ನಟಿಸುತ್ತದೆ. ಒಬ್ಬನದು ರಾಜವೇಷ, ಇನ್ನೊಬ್ಬನದು ದೂತವೇಷ. ಇಬ್ಬರ ನಡುವಿನ ಸಂಭಾಷಣೆ ಮಾತ್ರ ಅಕ್ಷರಶಃ ಅಸಲಿ. ಹರ್ಕ್ಯುಲೀಸ್ ಬಾಗಿಲು ತೆರೆದು ಕಾಯುವ ಪೋರ್ಟಿನ ಸಂಖ್ಯೆಯೂ 3270!

ಒಳಗೆ ಹೋಗಲು ಬಳಕೆದಾರನ ಹೆಸರು ಹರ್ಕ್01. ಪಾಸ್‌ವರ್ಡ್ ಸಿಯುಎಲ್8ಟಿಆರ್. ಒಮ್ಮೆ ಗಟ್ಟಿಯಾಗಿ ಓದಿ: 'ಸೀ ಯೂ ಲೇಟರ್'. ಈ ಎಂವಿಎಸ್ ಅನ್ನು ಹರ್ಕ್ಯುಲೀಸ್‌ಗೆ ಹೊಂದಿಸಿ ಕಟ್ಟಿಕೊಟ್ಟ ಹವ್ಯಾಸಿಗಳ ತಮಾಷೆ ಅದು. ಆ ರಾತ್ರಿ ನಾನಂತೂ 'ಲೇಟರ್' ಅನ್ನಲೇ ಇಲ್ಲ. ಎರಡು ಗಂಟೆಯವರೆಗೂ ಅಲ್ಲೇ ಕೂತಿದ್ದೆ.

ಮೊದಲು ಕಾಡಿದ್ದು ಆ 'ಒಂದೇ ಏಟು'. ಅದರ ಹಿಂದೆ ಎಂಥ ಬುದ್ಧಿ ಅಡಗಿದೆ ಗೊತ್ತೇ? ಐಬಿಎಂ 3270 ಕುಟುಂಬದ ಟರ್ಮಿನಲ್‌ಗಳು ಬಂದದ್ದು 1971ರಲ್ಲಿ. ಹುಡುಗ ಹೇಳಿದ 3278 ಅದೇ ಕುಟುಂಬದ್ದು. ಮೆಮೊರಿ ಆಗ ಚಿನ್ನದ ಬೆಲೆ, ತಂತಿಗಳು ಆಮೆಯ ನಡಿಗೆ. ನೂರಾರು ಗುಮಾಸ್ತರು ಒಂದೇ ಯಂತ್ರದ ಮುಂದೆ ಕೂತು ಕುಟ್ಟುವಾಗ, ಒತ್ತಿದ ಪ್ರತಿ ಕೀಲಿಗೂ ಯಂತ್ರ "ಹೇಳಿ, ಏನಾಗಬೇಕು?" ಎಂದು ತಲೆಯೆತ್ತಿದರೆ ಅದಕ್ಕೆ ಲೆಕ್ಕ ಮಾಡಲು ಪುರುಸೊತ್ತೆಲ್ಲಿ? ಹಾಗಾಗಿ ತಾಲ್ಲೂಕು ಕಚೇರಿಯ ಕಿಟಕಿಯ ಉಪಾಯ ಹೂಡಿದರು. ಅರ್ಜಿ ನಮೂನೆ ಕೊಡು, ಮೂಲೆಯಲ್ಲಿ ಕೂತು ತುಂಬಿಸಲಿ, ತುಂಬಿದ ಮೇಲೆ ತರಲಿ! ಮೇನ್‌ಫ್ರೇಮ್ ಇಡೀ ನಮೂನೆಯನ್ನು ಒಟ್ಟಿಗೆ ಕಳಿಸುತ್ತದೆ. ಗುಮಾಸ್ತ ಬರೆಯಲಿ, ಅಳಿಸಲಿ, ಮೇಲಿಂದ ಕೆಳಗೆ ಓಡಾಡಲಿ, ಮೇನ್‌ಫ್ರೇಮಿಗೆ ಅದರ ಸುದ್ದಿಯೇ ಇಲ್ಲ. ಎಂಟರ್‌ನಂಥ ಕೆಲವೇ ಕೀಲಿ ಒತ್ತಿದಾಗ ಮಾತ್ರ ಉತ್ತರ ಹೊರಡುತ್ತದೆ. ಅದರಲ್ಲೂ ಜಿಪುಣತನ ನೋಡಿ: ಪ್ರತಿ ಖಾನೆಗೂ 'ಇದನ್ನು ಮುಟ್ಟಿದ್ದಾರೆ' ಎಂಬ ಒಂದೇ ಒಂದು ಬಿಟ್‌ನ ಗುರುತು ಇದೆ, ಆ ಗುರುತು ಬಿದ್ದ ಖಾನೆಗಳಷ್ಟೇ ತಂತಿ ಏರುತ್ತವೆ. ನಾವೆಲ್ಲ ವೆಬ್‌ಸೈಟುಗಳಲ್ಲಿ ಫಾರಂ ತುಂಬಿ 'ಸಬ್ಮಿಟ್' ಒತ್ತಲು ಕಲಿಯುವುದಕ್ಕೆ ಎರಡು ದಶಕ ಮೊದಲೇ ಬ್ಯಾಂಕಿನ ಗುಮಾಸ್ತರು ಅದೇ ಕೆಲಸ ಮಾಡುತ್ತಿದ್ದರು!

ಪರದೆಯ ಅಳತೆ 24 ಸಾಲು, ಸಾಲಿಗೆ 80 ಅಕ್ಷರ. ಒಟ್ಟು 1920. ಎಂಬತ್ತೇ ಯಾಕೆ? 1928ರ ಐಬಿಎಂ ರಂಧ್ರಪತ್ರದಲ್ಲಿ ಎಂಬತ್ತು ಕಂಬಸಾಲುಗಳಿದ್ದವು. ಕಾಗದದ ರಟ್ಟಿನ ಅಗಲ ಗಾಜಿನ ಪರದೆಗೆ ಬಂತು, ಗಾಜಿನದು ನನ್ನ ಲ್ಯಾಪ್‌ಟಾಪಿಗೆ ಬಂತು. ಹತ್ತಿರ ಹತ್ತಿರ ನೂರು ವರ್ಷ!

ಈಗ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಈ 1920 ಜಾಗಗಳಲ್ಲಿ ಎಲ್ಲಿ ಏನು ಬರೆಯಬೇಕು ಎಂದು ಮೇನ್‌ಫ್ರೇಮ್ ಹೇಗೆ ಹೇಳುತ್ತದೆ? ಸಂಖ್ಯೆಯನ್ನು ಸಂಖ್ಯೆಯಾಗಿ ಕಳಿಸಿದರೆ ತಂತಿಯಲ್ಲಿ ಅದು ಯಾವುದೋ ಆಜ್ಞೆಯಂತೆ ಕಂಡು ಎಡವಟ್ಟಾದೀತು. ಅದಕ್ಕೆ ಅವರು ವಿಳಾಸಕ್ಕೇ ಅಕ್ಷರದ ಅಂಗಿ ತೊಡಿಸಿದರು. ಹನ್ನೆರಡು ಬಿಟ್‌ನ ವಿಳಾಸವನ್ನು ಆರಾರಾಗಿ ಮುರಿದು, ಪ್ರತಿ ತುಂಡಿಗೂ ಅರವತ್ನಾಲ್ಕು ಚಿಹ್ನೆಗಳ ಒಂದು ಕೋಷ್ಟಕದಿಂದ ಚಿಹ್ನೆ ಆರಿಸುವುದು. ಮೊದಲ ಸಾಲಿನ ಮೊದಲ ಜಾಗಕ್ಕೆ ಎರಡು ಖಾಲಿ ಜಾಗ. ಎರಡನೇ ಸಾಲಿನ ಮೊದಲ ಜಾಗ, ಅಂದರೆ ಸೊನ್ನೆಯಿಂದ ಎಣಿಸಿದರೆ ಎಂಬತ್ತನೆಯದು? ಅರವತ್ನಾಲ್ಕು ಒಂದು ಸಲ, ಉಳಿದದ್ದು ಹದಿನಾರು. ಕೋಷ್ಟಕದಲ್ಲಿ ಒಂದಕ್ಕೆ ಇಂಗ್ಲಿಷಿನ 'ಎ', ಹದಿನಾರಕ್ಕೆ '&'. ಹಾಗಾಗಿ ತಂತಿಯ ಮೇಲೆ 'ಎ&' ಎಂದು ಹೋದರೆ ಎರಡನೇ ಸಾಲಿನ ಆರಂಭ ಎಂದರ್ಥ! ಹುಡುಗ ಪೆನ್ಸಿಲ್ ಹಿಡಿದು ಲೆಕ್ಕ ತೋರಿಸಿದ. ನಾನು ಪಂಚಾಂಗದ ಹಿಂಬದಿಯಲ್ಲಿ ಇನ್ನೂ ನಾಲ್ಕು ಜಾಗಗಳಿಗೆ ಮಾಡಿ ನೋಡಿದೆ. ಬಂತು! ಐವತ್ತು ವರ್ಷದ ಹಿಂದಿನ ಈ ಕೋಷ್ಟಕ ಇವತ್ತಿಗೂ ಎಕ್ಸ್3270ಯ ಮೂಲ ಸಂಕೇತದಲ್ಲಿ ಅರವತ್ನಾಲ್ಕು ಮನೆಯ ಪಟ್ಟಿಯಾಗಿ ಕೂತಿದೆ. ಯಾರು ಬೇಕಾದರೂ ತೆಗೆದು ಓದಬಹುದು.

ಆ ಮೂಲ ಸಂಕೇತದ ತಲೆಬರಹ ಓದಿದರೇ ಒಂದು ವಂಶಾವಳಿ ಸಿಗುತ್ತದೆ. 1989: ಅಟ್ಲಾಂಟಾದ ಜಾರ್ಜಿಯಾ ಟೆಕ್. 1990: ಜೆಫ್ ಸ್ಪಾರ್ಕ್ಸ್. 1993ರಿಂದ ಮುಂದಕ್ಕೆ ಪಾಲ್ ಮ್ಯಾಟೆಸ್. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಮನುಷ್ಯ ಅದನ್ನು ತಿದ್ದುತ್ತಲೇ ಇದ್ದಾರೆ. ಜಾರ್ಜಿಯಾ ಟೆಕ್‌ನವರ ಮೂಲ ಪ್ರೋಗ್ರಾಮಿಗೆ ಬೇಕಾದ ಅಕ್ಷರಗಳ ಆಕಾರವನ್ನು ಹೇಗೆ ತಂದರು ಊಹಿಸಿ. ನಿಜವಾದ ಟರ್ಮಿನಲ್ ಮುಂದೆ ಕೂತು, ಗಾಜಿನ ಮೇಲಿನ ಚುಕ್ಕಿಗಳನ್ನು ನೋಡಿ ನೋಡಿ ಕೈಯಿಂದಲೇ ನಕಲು ಮಾಡಿಕೊಂಡರು! ತಾಳೆಗರಿ ಪ್ರತಿ ಮಾಡುವವರ ಹಾಗೆ. ಆ ಅಕ್ಷರಗಳು ಎಕ್ಸ್3270ಗೆ ಬಂದವು. ಅಲ್ಲಿಂದ '3270' ಎಂಬ ಹೆಸರಿನ ಬಿಡಿ ಫಾಂಟ್ ಹುಟ್ಟಿತು. ಮೇನ್‌ಫ್ರೇಮ್ ಕಣ್ಣಿನಿಂದಲೂ ನೋಡದ ಹುಡುಗರು ಇವತ್ತು ಅದನ್ನು ತಮ್ಮ ಪರದೆಗೆ ಹಾಕಿಕೊಳ್ಳುತ್ತಾರೆ.

ಈಗ ನಿಮಗೂ ನನಗೆ ಬಂದ ಪ್ರಶ್ನೆಯೇ ಬಂದಿರಬೇಕು. 1971ರ ಟರ್ಮಿನಲ್ ಬದಲಾಗುವುದಿಲ್ಲ. ಅದನ್ನು ನಟಿಸುವ ಪ್ರೋಗ್ರಾಮಿಗೆ ಮೂವತ್ತು ವರ್ಷ ಏನು ಸುಧಾರಣೆ? ಒಂದು ಸಲ ಸರಿಯಾಗಿ ನಟಿಸಿದರೆ ಮುಗಿಯಲಿಲ್ಲವೇ?

ಅಲ್ಲೇ ಇರುವುದು ಮಜಾ. ವೇಷ ಅದೇ, ರಂಗಸ್ಥಳ ಮಾತ್ರ ದಿನಾ ಬದಲಾಗುತ್ತದೆ!

ಮೊದಲು ತಂತಿ ಬದಲಾಯಿತು. ಅಸಲಿ 3278ರ ಬೆನ್ನಿಗೆ ದಪ್ಪನೆಯ ಕೋಆಕ್ಸಿಯಲ್ ಕೇಬಲ್ ಇರುತ್ತಿತ್ತು. ಅಂತರ್ಜಾಲ ಬಂದಾಗ ಆ ಮಾತುಕತೆಯನ್ನು ಟೆಲ್‌ನೆಟ್ ಒಳಗೆ ತುರುಕಬೇಕಾಯಿತು. ಅದಕ್ಕೆ ಹೆಸರು ಟಿಎನ್3270. 1994ರಲ್ಲಿ ಇದರ ವಿಸ್ತರಿಸಿದ ನಿಯಮಾವಳಿ ಬಂತು. ಅದರಲ್ಲೊಂದು ಚೋದ್ಯವಿದೆ. ಸಂಪರ್ಕ ಆದ ಕೂಡಲೇ ಟರ್ಮಿನಲ್ ತನ್ನ ಮಾದರಿ ಯಾವುದೆಂದು ಹೇಳಬೇಕು. ಆದರೆ ನಿಯಮದ ಪಟ್ಟಿಯಲ್ಲಿ ಇರುವುದು 3278ರ ಹೆಸರುಗಳು. ಬಣ್ಣದ ಟರ್ಮಿನಲ್ ಆದ 3279ರ ಹೆಸರೇ ಇಲ್ಲ! ಹಾಗಾಗಿ ಬಣ್ಣದ ವೇಷ ತೊಟ್ಟ ಎಕ್ಸ್3270 ಬಾಗಿಲಲ್ಲಿ ನಿಂತು "ನಾನು ಐಬಿಎಂ-3278" ಅನ್ನುತ್ತದೆ. ಒಳಗೆ ಹೋದ ಮೇಲೆ ಮೇನ್‌ಫ್ರೇಮ್ "ನಿನಗೆ ಏನೇನು ಬರುತ್ತೆ?" ಎಂದು ಕೇಳಿದಾಗ ಮೆಲ್ಲಗೆ "ಬಣ್ಣ ಬರುತ್ತೆ" ಎಂದು ಬಾಯಿಬಿಡುತ್ತದೆ. ಬೀದಿಯಲ್ಲಿ ವೇಷ ಕಟ್ಟಿಕೊಂಡು ಬರುವ ಬಹುರೂಪಿಗಳನ್ನು ನೋಡಿದ ನಮಗೆ ಇದೇನು ಹೊಸದೇ!

ಬಣ್ಣ ಅಂದೆನಲ್ಲ, ಅದಕ್ಕೂ ಒಂದು ಶಾಸ್ತ್ರವಿದೆ. ಮೇನ್‌ಫ್ರೇಮ್ ಬಣ್ಣದ ಮಾತೇ ಆಡದೆ ಹಳೆಯ ಏಕವರ್ಣದ ನಮೂನೆ ಕಳಿಸಿದರೂ 3279 ಸುಮ್ಮನಿರುವುದಿಲ್ಲ. ಬರೆಯಬಹುದಾದ ಖಾನೆ ಹಸಿರು. ಅದನ್ನೇ ಎದ್ದುಕಾಣಿಸಿದರೆ ಕೆಂಪು. ಬರೆಯಬಾರದ ಖಾನೆ ನೀಲಿ, ಎದ್ದುಕಂಡರೆ ಬಿಳಿ. ಬಣ್ಣ ಅಲಂಕಾರಕ್ಕಲ್ಲ, ವ್ಯಾಕರಣಕ್ಕೆ! ಇದು ತಿಳಿದ ಮೇಲೆ ನಾನು ಪರದೆಯನ್ನು ಓದುವ ಮೊದಲೇ ಬಣ್ಣ ನೋಡಿ ಎಲ್ಲಿ ಬರೆಯಬೇಕು ಎಂದು ಹೇಳತೊಡಗಿದೆ. ಹುಡುಗ ಬೆನ್ನು ತಟ್ಟಿದ.

ಆಮೇಲೆ ಕಳ್ಳರು ಬಂದರು. ಹಳೆಯ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಸಮೇತ ಎಲ್ಲವೂ ಬೆತ್ತಲೆ. ಹೀಗಾಗಿ ಸುಧಾರಣೆಗಳ ದೊಡ್ಡ ಪಾಲು ಈ ಕಡೆ ಹೋಯಿತು. ಈಗ ಎಕ್ಸ್3270 ಟಿಎಲ್‌ಎಸ್ ಗೂಢಲಿಪಿಯ ಒಳಗೆ ಮಾತಾಡುತ್ತದೆ. ಸಂಪರ್ಕ ಭದ್ರವಾದರೆ ಕೆಳಸಾಲಿನಲ್ಲಿ ಪುಟ್ಟ ಬೀಗದ ಚಿತ್ರ. ಆ ಕಡೆ ಇರುವ ಯಂತ್ರದ ಪ್ರಮಾಣಪತ್ರ ಅಸಲಿಯೇ ಎಂದು ತಾನಾಗೇ ಪರೀಕ್ಷಿಸುತ್ತದೆ. ಪರೀಕ್ಷೆ ಬೇಡವಾದರೆ ನೀವೇ ಬಾಯಿಬಿಟ್ಟು ಬೇಡ ಅನ್ನಬೇಕು. ಈ ಬೀಗ, ಪ್ರಮಾಣಪತ್ರ ಯಾವುದನ್ನೂ ಅರಿಯದ 1971ರ ಮಾತುಗಳು ಅದರೊಳಗೆ ತಣ್ಣಗೆ ಪಯಣಿಸುತ್ತವೆ.

ಅಕ್ಷರಗಳ ಕಥೆ ಕನ್ನಡಿಗರಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಹಳೆಯ ಕಡತವನ್ನು ಯೂನಿಕೋಡ್ ಫಾಂಟಿನಲ್ಲಿ ತೆರೆದು, ಕಂಡ ಚಿತ್ರಲಿಪಿಗೆ ಹಣೆ ಚಚ್ಚಿಕೊಳ್ಳದ ಸಂಪಾದಕ ಯಾರಿದ್ದಾರೆ? ಮೇನ್‌ಫ್ರೇಮಿನದೂ ಅದೇ ಪಾಡು. ಅದರ ಲಿಪಿಸಂಕೇತದ ಹೆಸರು ಎಬ್ಸಿಡಿಕ್. ಉಳಿದ ಗಣಕಲೋಕದ ಆಸ್ಕಿಗೂ ಅದಕ್ಕೂ ಎಣ್ಣೆ ಸೀಗೇಕಾಯಿ. ಇಂಗ್ಲಿಷ್ ವರ್ಣಮಾಲೆಯೂ ಅದರಲ್ಲಿ ಸಲೀಸಾಗಿ ಸಾಗುವುದಿಲ್ಲ. 'ಐ' ಆದ ಮೇಲೆ ಒಂದು ಕಂದಕ, 'ಆರ್' ಆದ ಮೇಲೆ ಇನ್ನೊಂದು. ಸಾಲದ್ದಕ್ಕೆ ಚೌಕ ಆವರಣ ಚಿಹ್ನೆಗಳಿಗೆ ಐಬಿಎಂನದೇ ಎರಡು ಕೋಷ್ಟಕಗಳಲ್ಲಿ ಎರಡು ಬೇರೆ ಮನೆ! ಒಂದರಲ್ಲಿ ಬರೆದ ಆವರಣ ಇನ್ನೊಂದರಲ್ಲಿ ಇನ್ನೇನೋ ಆಗುತ್ತದೆ. ಎಕ್ಸ್3270 ಇದಕ್ಕೆ ಮಾಡಿದ್ದೇನು ಗೊತ್ತೇ? ಅಮೆರಿಕನ್ ಕೋಷ್ಟಕವನ್ನೇ ಇಟ್ಟುಕೊಂಡು ಆವರಣಗಳನ್ನಷ್ಟೇ ಪಕ್ಕದ ಕೋಷ್ಟಕದ ಮನೆಗೆ ಸಾಗಿಸಿತು. ಹಾಗೆ ಹುಟ್ಟಿದ ಕೋಷ್ಟಕಕ್ಕೆ 'ಬ್ರಾಕೆಟ್' ಎಂದೇ ಹೆಸರಿಟ್ಟು ಅದನ್ನೇ ಮೂಲ ಆಯ್ಕೆ ಮಾಡಿತು. ಇಡೀ ಕೋಷ್ಟಕಕ್ಕೆ ಎರಡು ಚಿಹ್ನೆಗಳ ಹೆಸರು! ಈ ಒಂದು ಕಾರಣಕ್ಕೇ ನನಗೆ ಈ ಪ್ರೋಗ್ರಾಮಿನ ಮೇಲೆ ಪ್ರೀತಿ ಹುಟ್ಟಿತು.

ಮುಂದೆ ಯೂನಿಕೋಡ್ ಬಂತು, ಚೀನೀ ಜಪಾನೀ ಲಿಪಿಗಳಿಗೆ ಎರಡೆರಡು ಬೈಟಿನ ಅಕ್ಷರಗಳು ಬಂದವು, ಥಾಯ್, ಹೀಬ್ರೂ, ಗ್ರೀಕ್, ರಷ್ಯನ್ ಎಲ್ಲ ಪಟ್ಟಿ ಸೇರಿದವು. ಕಣ್ಣಾಡಿಸಿದೆ. ಕನ್ನಡ ಇಲ್ಲ. ಬೆಂಗಳೂರಿನ ಅಷ್ಟೊಂದು ಕಣ್ಣುಗಳು ರಾತ್ರಿಯೆಲ್ಲ ನೋಡುವ ಈ ಪರದೆಗೆ ಅವರ ಲಿಪಿ ಮಾತ್ರ ಗೊತ್ತಿಲ್ಲ. ಪ್ರೋಗ್ರಾಮನ್ನು ದೂರಿ ಫಲವಿಲ್ಲ. ಆ ಕಡೆಯ ಮೇನ್‌ಫ್ರೇಮ್ ಕನ್ನಡದಲ್ಲಿ ಮಾತಾಡಿದರೆ ತಾನೇ ಇದು ಕೇಳಿಸಿಕೊಳ್ಳುವುದು?

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಬೇರೆ. ಒಂದು ಗಂಟೆಯ ಹೊತ್ತಿಗೆ ಹುಡುಗ "ಇದನ್ನು ನೋಡಿ ಮಾವ" ಎಂದು ಪ್ರೋಗ್ರಾಮನ್ನು ಮುಚ್ಚಿ, ಅದರ ತಮ್ಮನನ್ನು ಎಬ್ಬಿಸಿದ. ಎಸ್3270. ಅದಕ್ಕೆ ಪರದೆಯೇ ಇಲ್ಲ! ಕಿಟಕಿ ಇಲ್ಲ, ಬಣ್ಣ ಇಲ್ಲ, ಏನೂ ಕಾಣುವುದಿಲ್ಲ. ಆದರೂ ಒಳಗೆ 3278 ಪೂರ್ತಿ ಬದುಕಿದೆ: ಸಾಲುಗಳಿವೆ, ಖಾನೆಗಳಿವೆ, ಮಿನುಗುವ ಕರ್ಸರ್ ಕೂಡ ಎಲ್ಲೋ ಕತ್ತಲಲ್ಲಿ ಇದೆ. ನಾವು ಬರಹದಲ್ಲಿ ಆಜ್ಞೆ ಕೊಡಬೇಕು: ಇಂಥ ಪದ ಕುಟ್ಟು, ಎಂಟರ್ ಒತ್ತು, ಈಗ ಪರದೆಯಲ್ಲಿ ಏನಿದೆ ಓದು. ಅದು ಮಾಡಿ 'ಓಕೆ' ಅನ್ನುತ್ತದೆ. ಅಂದರೆ ಗುಮಾಸ್ತನೂ ಪ್ರೋಗ್ರಾಮೇ, ಟರ್ಮಿನಲ್ಲೂ ಪ್ರೋಗ್ರಾಮೇ. ಇನ್ನೂ ಇತ್ತೀಚಿನ ಆವೃತ್ತಿಗಳಲ್ಲಿ ಒಂದು ಪುಟ್ಟ ವೆಬ್ ಸರ್ವರನ್ನೂ ಹೊಟ್ಟೆಯೊಳಗೆ ಇಟ್ಟಿದ್ದಾರೆ. ಹುಡುಗ ಬ್ರೌಸರ್ ತೆರೆದು ವಿಳಾಸ ಕೊಟ್ಟ. ಹಸಿರು ಪರದೆ ವೆಬ್ ಪುಟವಾಗಿ ಮೂಡಿತು! 1981ರ ವ್ಯವಸ್ಥೆ, 1971ರ ಪರದೆ, ಇವತ್ತಿನ ಬ್ರೌಸರ್, ಮೂರೂ ಒಂದೇ ಊಟದ ಮೇಜಿನ ಮೇಲೆ. ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಈ ಕುಟುಂಬ ದೊಡ್ಡದು. ಕಿಟಕಿಗಳಿಲ್ಲದ ಅಕ್ಷರ ಪರದೆಗೆ ಸಿ3270, ವಿಂಡೋಸ್‌ಗೆ ಡಬ್ಲ್ಯೂಸಿ3270, ಮುದ್ರಣ ಯಂತ್ರದ ವೇಷಕ್ಕೆ ಪಿಆರ್3287. ಇವುಗಳಲ್ಲಿ ಕಿರಿಯದು ಬಿ3270. ಅದು ದೇಹ ಬಿಟ್ಟ ಜೀವ: ಟರ್ಮಿನಲ್ಲಿನ ಬುದ್ಧಿಯೆಲ್ಲ ಅದರಲ್ಲಿ, ಮುಖ ಮಾತ್ರ ಬೇರೆಯವರು ಕಟ್ಟಬೇಕು. ಎಕ್ಸ್‌ಎಂಎಲ್‌ನಲ್ಲೋ ಜೇಸನ್‌ನಲ್ಲೋ ಮಾತಾಡಿದರೆ ಪರದೆಯಲ್ಲಿ ಏನು ಬದಲಾಯಿತು ಎಂದು ಹೇಳುತ್ತಾ ಹೋಗುತ್ತದೆ. ಹಾಗೆ ಕಟ್ಟಿದ ಒಂದು ವಿಂಡೋಸ್ ಮುಖವೇ ಡಬ್ಲ್ಯೂಎಕ್ಸ್3270.

ಇಷ್ಟೆಲ್ಲ ತಿದ್ದುವವರ ಮನೆಯಲ್ಲಿ ಲೋಕದ ಎಲ್ಲ ಬ್ಯಾಂಕುಗಳ ಮೇನ್‌ಫ್ರೇಮ್ ಇರಲು ಸಾಧ್ಯವೇ? ದೋಷ ಹುಡುಕುವುದು ಹೇಗೆ? ಇದಕ್ಕೂ ಉಪಾಯವಿದೆ. ಪ್ರೋಗ್ರಾಮಿಗೆ 'ಟ್ರೇಸ್' ಮಾಡು ಎಂದರೆ ಹೋದ ಬಂದ ಪ್ರತಿ ಬೈಟನ್ನೂ ಬರೆದಿಡುತ್ತದೆ. ಆ ಕಡತ ಕೈಗೆ ಬಂದರೆ 'ಪ್ಲೇಬ್ಯಾಕ್' ಎಂಬ ಸಲಕರಣೆ ಮೇನ್‌ಫ್ರೇಮಿನ ಪಾತ್ರ ವಹಿಸಿ ಅದೇ ಬೈಟುಗಳನ್ನು ಮತ್ತೆ ಉಣಿಸುತ್ತದೆ. ಯಾವುದೋ ಖಂಡದ ಯಾವುದೋ ಯಂತ್ರ ಒಂದು ಮಧ್ಯಾಹ್ನ ಆಡಿದ ಮಾತು, ಆ ಯಂತ್ರವಿಲ್ಲದೆಯೇ, ಮತ್ತೊಮ್ಮೆ ಪರದೆಯ ಮೇಲೆ ಕುಣಿಯುತ್ತದೆ.

ಒಂದು ಮಿತಿಯನ್ನೂ ಹೇಳಿಬಿಡಬೇಕು. ಇವತ್ತಿನ ಅಗಲವಾದ ಪರದೆಗೆ 24 ಸಾಲು ಯಾವ ಮೂಲೆಗೆ? ಅಸಲಿ ಟರ್ಮಿನಲ್‌ಗಳಲ್ಲೇ 32 ಸಾಲು, 43 ಸಾಲು, 132 ಕಂಬಸಾಲಿನ ಮಾದರಿಗಳಿದ್ದವು. ಎಕ್ಸ್3270 ಅದನ್ನೂ ದಾಟಿ, ಯಾವ ಕಾರ್ಖಾನೆಯೂ ತಯಾರಿಸದ ಅಳತೆಯ ಪರದೆ ಕೊಡುತ್ತದೆ. ಆದರೆ ಎಷ್ಟು ಬೇಕಾದರೂ ಹಿಗ್ಗಿಸಲಾಗದು. ಇಂಥ ದೊಡ್ಡ ಪರದೆಗೆ ಮೊದಲು ಹೇಳಿದ ಹನ್ನೆರಡು ಬಿಟ್ ಸಾಲದು, ವಿಳಾಸಕ್ಕೆ ಹದಿನಾಲ್ಕು ಬಿಟ್. ಹಾಗಾಗಿ ಸಾಲು ಮತ್ತು ಕಂಬಸಾಲು ಗುಣಿಸಿದರೆ ಹದಿನಾರು ಸಾವಿರ ಚಿಲ್ಲರೆಯೊಳಗೆ ನಿಲ್ಲಬೇಕು. ಎಷ್ಟೇ ಹೊಸ ರೆಕ್ಕೆ ಕಟ್ಟಿದರೂ ಹಳೆಯ ವ್ಯಾಕರಣದ ಬೇಲಿ ಅಲ್ಲಿ ತಾಗುತ್ತದೆ. ಮುರಿಯಲು ಪಾಲ್ ಮ್ಯಾಟೆಸ್‌ಗೆ ಬರುವುದಿಲ್ಲ ಎಂದಲ್ಲ, ಮುರಿದರೆ ಆ ಕಡೆಯವನಿಗೆ ಮಾತು ತಿಳಿಯುವುದಿಲ್ಲ. ಐಬಿಎಂ 2025ರಲ್ಲಿ ಜೆಡ್17 ಎಂಬ ಹೊಸ ಮೇನ್‌ಫ್ರೇಮ್ ತಂದಿತಲ್ಲ, ಅದಕ್ಕೂ ಇದೇ ಮಾತು ತಿಳಿಯುತ್ತದೆ.

ನೋಡಬೇಕೆನಿಸಿದರೆ ದುಡ್ಡು ಬೇಡ. ಪ್ರೋಗ್ರಾಮ್ ಉಚಿತ, ಮೂಲ ಸಂಕೇತ ಮುಕ್ತ. ಉಬುಂಟು ಇದ್ದರೆ ಎಕ್ಸ್3270, ಸಿ3270 ಎರಡೂ ಅದರ ಭಂಡಾರದಲ್ಲೇ ಸಿಗುತ್ತವೆ. ಒಂದೇ ಎಚ್ಚರಿಕೆ: ಬರೆಯಬಾರದ ನೀಲಿ ಜಾಗದಲ್ಲಿ ಕೀಲಿ ಒತ್ತಿದರೆ ಇಡೀ ಕೀಲಿಮಣೆ ಬೀಗ ಹಾಕಿಕೊಳ್ಳುತ್ತದೆ. ಅಸಲಿ ಟರ್ಮಿನಲ್ಲಿನಲ್ಲಿ ಆಗ ಕೆಳಸಾಲಿನಲ್ಲಿ ಒಂದು ಕತ್ತರಿ ಗುರುತು, ಎರಡು ಬಾಣಗಳ ನಡುವೆ ಒಬ್ಬ ಪುಟ್ಟ ಮನುಷ್ಯ ಕಾಣಿಸುತ್ತಿದ್ದ. ನೀನು ತಪ್ಪು ಜಾಗದಲ್ಲಿದ್ದೀಯಪ್ಪ ಎಂದು ಅರ್ಥ. ನನ್ನ ಲ್ಯಾಪ್‌ಟಾಪ್ ಕೆಟ್ಟಿತೆಂದು ನಾನು ಆ ರಾತ್ರಿ ಎರಡನೇ ಸಲ ಹೆದರಿದ್ದು ಆಗಲೇ. ನೀವು ಹೆದರಬೇಡಿ. ಎಕ್ಸ್3270ಯಲ್ಲಿ ಆಲ್ಟ್ ಜೊತೆ ಆರ್ ಒತ್ತಿ, ಸಿ3270ಯಲ್ಲಾದರೆ ಕಂಟ್ರೋಲ್ ಜೊತೆ ಆರ್. ಬೀಗ ಬಿಡುತ್ತದೆ.